ಬೂದು ಬಣ್ಣಕ್ಕೆ ತಿರುಗಿದ ಹಾಡು

ಫೋನಿನಲ್ಲಿ ಒಂದು ಹಾಡು ಇಲ್ಲವಾಗುವಾಗ ಯಾವ ಸದ್ದೂ ಆಗುವುದಿಲ್ಲ. ಅದರ ಹೆಸರು ಕಪ್ಪಿನಿಂದ ಬೂದು ಬಣ್ಣಕ್ಕೆ ತಿರುಗುತ್ತದೆ, ಅಷ್ಟೆ. ಮುಟ್ಟಿದರೆ ಕೆಳಗೊಂದು ಸಣ್ಣ ಸಾಲು ಬರುತ್ತದೆ: ಈ ಹಾಡು ಸದ್ಯ ಲಭ್ಯವಿಲ್ಲ. ಆ ‘ಸದ್ಯ’ ಎಂಬ ಮಾತನ್ನು ನಾನು ಬಹಳ ದಿನ ನಂಬಿದ್ದೆ. ಸಂಡೂರಿನ ಗಣಿಯೊಂದರ ವೇಬ್ರಿಜ್‌ನಲ್ಲಿ ಅದಿರಿನ ಲಾರಿಗಳನ್ನು ತೂಗುತ್ತ ನೌಕರಿ ಮುಗಿಸಿದವನು ನಾನು. ಅಂಕಿ ಅಲುಗಾಡುವುದು ನಿಲ್ಲುವ ತನಕ ಕಾಯುವುದು ಮೈಗೆ ಹತ್ತಿದ ರೂಢಿ. ಉಪ್ಪಿಟ್ಟಿಗೆ ಉಪ್ಪು ಸಾಕೇ ಎಂದು ಕೇಳಿದರೂ ನಾನು ಉತ್ತರ ಕೊಡುವಷ್ಟರಲ್ಲಿ ಅದು ಆರಿರುತ್ತದೆ ಎಂಬುದು ನನ್ನ ಹೆಂಡತಿಯ ದೂರು. ಹೊಸಪೇಟೆಯ ನಮ್ಮ ಮನೆಯಲ್ಲಿ ಕೂತು ಆ ಬೂದು ಹೆಸರನ್ನು ದಿನಾ ಮುಟ್ಟಿ ನೋಡುತ್ತಿದ್ದೆ. ಅದು ಮತ್ತೆ ಕಪ್ಪಾಗಲಿಲ್ಲ.

ಹಾಡು ಕೇಳಿಸುವ ಈ ಆಪ್‌ಗಳ ನಡುವೆ ದೊಡ್ಡ ಪೈಪೋಟಿ ನಡೆದಿದೆ. ಪತ್ರಿಕೆಯ ವ್ಯಾಪಾರದ ಪುಟದಲ್ಲಿ ಒಂದಲ್ಲ ಒಂದು ಸುದ್ದಿ ಇರುತ್ತದೆ: ಒಂದಕ್ಕೆ ಚಂದಾದಾರರು ಹೆಚ್ಚಿದರು, ಇನ್ನೊಂದರ ಬೆಳವಣಿಗೆ ಕುಂಟಿತು, ಮೂರನೆಯದು ಅಂಗಡಿ ಮುಚ್ಚಿತು. ಪಕ್ಕದಲ್ಲಿ ಮೇಲಕ್ಕೆ ಹತ್ತುವ ಒಂದು ಗೆರೆಯ ಚಿತ್ರ. ಮೊದಲು ಆ ಪುಟ ನಮ್ಮಲ್ಲಿ ಮಿರ್ಚಿ ಭಜಿಯ ಎಣ್ಣೆ ಹೀರುವುದಕ್ಕೆ ಮೀಸಲಾಗಿತ್ತು. ಈಗ ನಾನದನ್ನು ಓದಿಯೇ ಅಡುಗೆಮನೆಗೆ ಕೊಡುತ್ತೇನೆ. ಯಾಕೆಂದರೆ ಹತ್ತುವ ಆ ಗೆರೆಯಲ್ಲಿ ಕಂಪ್ಲಿಯ ನನ್ನ ಅಕ್ಕ ಗೌರಮ್ಮನೂ ಇದ್ದಾಳೆ. ಒಬ್ಬಳೇ ಆದರೂ ಹಲವರಾಗಿ ಇದ್ದಾಳೆ.

ಅದು ಹೀಗೆ. ಹೊಸ ನಂಬರಿನಿಂದ ಸೇರಿದವರಿಗೆ ಮೊದಲ ಕೆಲವು ತಿಂಗಳು ಪುಕ್ಕಟೆ ಎಂದು ಎಲ್ಲ ಆಪ್‌ಗಳೂ ಕರೆಯುತ್ತವೆ. ಅಕ್ಕನ ಸೊಸೆ ಸುಜಾತಾ ಜಾಣೆ. ಮೊದಲು ತನ್ನ ನಂಬರಿನಿಂದ ಒಂದಕ್ಕೆ ಸೇರಿದಳು. ಅವಧಿ ಮುಗಿದಾಗ ಮಾವನ ನಂಬರಿನಿಂದ ಇನ್ನೊಂದಕ್ಕೆ, ಆಮೇಲೆ ಅವರ ಮನೆಯ ಅಕ್ಕಿ ಗಿರಣಿಯ ನಂಬರಿನಿಂದ ಮತ್ತೆ ಮೊದಲಿನದಕ್ಕೆ, ಕಡೆಗೆ ಅಕ್ಕನದೇ ಹಳೆಯ ನಂಬರಿನಿಂದ. ಹೀಗೆ ಆ ಮನೆ ಅತ್ತಿಂದಿತ್ತ ತಿರುಗುತ್ತ, ಹೋದ ಕಡೆಯಲ್ಲೆಲ್ಲ ಹೊಸ ಗಿರಾಕಿ ಅನ್ನಿಸಿಕೊಂಡಿತು. ಒಂದೇ ಲಾರಿ ನಂಬರ್ ಪ್ಲೇಟು ಬದಲಿಸಿಕೊಂಡು ಮತ್ತೆ ತೂಕಕ್ಕೆ ಬಂದದ್ದನ್ನು ನಾನು ಕಂಡಿದ್ದೇನೆ. ಟೈರಿನ ಸವಕಳಿ ನೋಡಿ ಗುರುತು ಹಿಡಿಯುತ್ತಿದ್ದೆ. ಈ ಕಂಪನಿಗಳಲ್ಲಿ ಟೈರು ನೋಡುವವರು ಇಲ್ಲವೆಂದು ಕಾಣುತ್ತದೆ. ನಂಬರು ಎಷ್ಟಾದರೇನು, ಆ ಮನೆಯಲ್ಲಿ ಹಾಡಿನ ಅಗತ್ಯ ಇದ್ದದ್ದು ಒಬ್ಬಳಿಗೆ. ಅವಳಿಗೆ ಬೇಕಾದದ್ದು ಒಂದೇ ಹಾಡು.

ಅಕ್ಕನಿಗೆ ಲಕ್ವಾ ಹೊಡೆದು ಬಲಗೈ ಬಿದ್ದಿತು, ಮಾತು ಹೋಯಿತು. ನಾವು ಆಡಿದ್ದೆಲ್ಲ ಅವಳಿಗೆ ತಿಳಿಯುತ್ತದೆ. ಅವಳು ಆಡಬೇಕೆಂದದ್ದು ಮಾತ್ರ ಬಾಯಿಯ ತನಕ ಬಂದು ನಿಲ್ಲುತ್ತದೆ. ಅದು ಬಂದು ನಿಂತದ್ದು ಅವಳ ಮುಖದಲ್ಲಿ ಕಾಣುತ್ತದೆ. ನೋಡುವವರು ಕಣ್ಣು ಬೇರೆ ಕಡೆ ತಿರುಗಿಸುತ್ತಾರೆ. ನಾನೂ ತಿರುಗಿಸಿದ್ದೇನೆ. ಬಳ್ಳಾರಿಯ ಆಸ್ಪತ್ರೆಯೊಂದರಲ್ಲಿ ಮಾತು ಕಲಿಸುವ ಹುಡುಗಿ, ಆಡಲು ಬಾರದ ಪದ ಕೆಲವರಿಗೆ ಹಾಡಿನಲ್ಲಿ ಬರುತ್ತದೆ ಎಂದಳು. ಇವರು ಮೊದಲು ಹಾಡುತ್ತಿದ್ದರೇ ಎಂದು ಕೇಳಿದಳು.

ಅಕ್ಕನ ಗಂಡ ಪಂಪಣ್ಣ, ನನ್ನ ಭಾವ, ಸ್ವಲ್ಪ ಯೋಚಿಸಿ ಹೇಳಿದರು: “ಹಾಡ್ತಿದ್ಲು ಅಂದ್ರ ಹಾಡ್ತಿದ್ಲವಾ. ಆದ್ರ ಹಿಂದ.”

ಆ ಹುಡುಗಿಗೆ ಇದು ಅರ್ಥವಾಗಲಿಲ್ಲ. ನಮ್ಮ ಕಡೆಯ ಭಜನೆಯಲ್ಲಿ ಒಬ್ಬರು ಮುಂದೆ ಹಾಡುತ್ತಾರೆ, ಉಳಿದವರು ಹಿಂದೆ ಅನ್ನುತ್ತಾರೆ. ಮುಂದಿನವರು ಒಂದು ಸಾಲು ಕೊಟ್ಟರೆ ಹಿಂದಿನವರು ಅದನ್ನೇ ಹಾಗೆಯೇ ಮರಳಿಸಬೇಕು. ನಮ್ಮ ಮನೆತನದಲ್ಲಿ ಮುಂದೆ ಹಾಡಿದವರೇ ಇಲ್ಲ. ಸೋಮವಾರದ ಸಂಜೆ ಮಠದ ಪಡಸಾಲೆಯಲ್ಲಿ ಕೂತು, ತಾಳದ ಸದ್ದಿನಲ್ಲಿ ನಮ್ಮ ಕೊರಳನ್ನು ಅಡಗಿಸಿಕೊಂಡು, ಕೊಟ್ಟ ಸಾಲನ್ನು ಮರಳಿಸಿ ಎದ್ದು ಬಂದವರು ನಾವು. ಮರಳಿಸುವುದರಲ್ಲಿ ಒಂದು ಸುಖವಿದೆ. ಮುಂದೇನು ಎಂಬ ಚಿಂತೆ ಇರುವುದಿಲ್ಲ.

ಬುಕ್ಕಸಾಗರದ ಭಜನಾ ಮೇಳದವರು ಹಿಂದೊಮ್ಮೆ ಹೊಸಪೇಟೆಯಲ್ಲಿ ಒಂದು ಕ್ಯಾಸೆಟ್ ಮಾಡಿಸಿದ್ದರು. ಅದರ ಹಕ್ಕು ಯಾವುದೋ ಕಂಪನಿಯ ಕೈಸೇರಿ, ಹೇಗೋ ಈ ಆಪ್‌ಗಳಿಗೂ ಬಂದಿತ್ತು. ಸುಜಾತಾ ಅದನ್ನು ಹುಡುಕಿ ಹಚ್ಚಿದಳು. ಅದರಲ್ಲಿ ಒಂದು ಪದ, ‘ಏನು ನಿನ್ನದು ಹೇಳವ್ವ’ ಎಂದು ಶುರುವಾಗುತ್ತದೆ. ಬಾಗಿಲು ನಿನ್ನದವ್ವ, ಬೀಗ ನಿನ್ನದಲ್ಲ. ದೀಪ ನಿನ್ನದವ್ವ, ಬೆಳಕು ನಿನ್ನದಲ್ಲ. ಹಗ್ಗ ನಿನ್ನದವ್ವ, ನೀರು ನಿನ್ನದಲ್ಲ. ಹೀಗೆ ಒಂದೊಂದು ನುಡಿಗೂ ಮನೆಯ ಒಂದೊಂದು ವಸ್ತು. ಮುಂದಿನ ದನಿ ಸಾಲನ್ನು ಕೊಟ್ಟಿತು, ಮೇಳ ಮರಳಿಸಿತು, ಮೇಳದ ಜೊತೆಗೆ ಮಂಚದ ಮೇಲಿನ ನನ್ನ ಅಕ್ಕನೂ ಮರಳಿಸಿದಳು. ಪೂರ್ತಿ ಸಾಲು, ಪದ ಬಿಡದೆ. ಭಾವ ಗೋಡೆಗೆ ಕೈ ಊರಿ ನಿಂತರು.

ದಿನಾ ಬೆಳಿಗ್ಗೆ ಹಾಡು ಹಚ್ಚುವುದು ನೇಮವಾಯಿತು. ಕೆಲವು ವಾರಗಳ ಮೇಲೆ ಇನ್ನೊಂದು ಸಂಗತಿ ನಡೆಯಿತು. ಹಾಡು ಮುಗಿದ ಸ್ವಲ್ಪ ಹೊತ್ತಿಗೆ ಅಕ್ಕ, ರಾಗವಿಲ್ಲದೆ, ಬರೀ ಮಾತಾಗಿ, “ನೀರು” ಎಂದಳು. ಸುಜಾತಾ ಚೊಂಬು ತರುವ ಭರದಲ್ಲಿ ಅರ್ಧ ನೀರು ಚೆಲ್ಲಿಕೊಂಡಳಂತೆ. ಆಮೇಲೆ “ಬಾಗಿಲು” ಬಂತು, ಗಾಳಿ ಬೇಕಾದಾಗ. “ದೀಪ” ಬಂತು. ಬೀಸುವ ಕಲ್ಲಿನ ನುಡಿಯಿಂದ “ಹಿಟ್ಟು” ಬಂತು. ಆ ಹಾಡು ಅವಳಿಗೆ ಮನೆ ನಡೆಸಲು ಬೇಕಾದಷ್ಟು ಪದಗಳನ್ನು ಒಂದೊಂದಾಗಿ ಕೊಡುತ್ತಿತ್ತು.

ಅಷ್ಟರಲ್ಲಿ ಹಕ್ಕಿನ ಕಂಪನಿಗೂ ಈ ಆಪ್‌ಗಳಿಗೂ ಇದ್ದ ಒಪ್ಪಂದ ಮುರಿಯಿತು. ಕಂಪನಿಯವರು ತಮ್ಮ ಹಾಡುಗಳನ್ನೆಲ್ಲ ಹೊಸತಾಗಿ ಬಂದ ಬೇರೊಂದು ಆಪ್‌ಗೆ ಕೊಟ್ಟರು. ನಾವೂ ಹಿಂದೆಯೇ ಹೋದೆವು. ಅಕ್ಕನ ನಂಬರು ಖರ್ಚಾದದ್ದು ಆಗಲೇ. ಆ ಹೊಸ ಆಪ್ ಪೈಪೋಟಿಯಲ್ಲಿ ನಿಲ್ಲಲಾರದೆ ಮುಚ್ಚಿಕೊಂಡಿತು. ಹಳೆಯ ಆಪ್‌ಗಳಲ್ಲಿ ಹುಡುಕಿದರೆ ಹಾಡಿನ ಹೆಸರು ಬೂದು ಬಣ್ಣದಲ್ಲಿ ಇತ್ತು.

ಆ ಭಾನುವಾರ ನಾನು ಕಂಪ್ಲಿಯಲ್ಲಿದ್ದೆ. ಭಾವನಿಗೆ ಸಿಟ್ಟು ಬಂದಿತ್ತು. “ನಮ್ಮಲ್ಲಿ ಅಕ್ಕಿ ಒಯ್ದಾವ ಮನಿಗೆ ಹೋಗಿ ಅನ್ನ ಮಾಡ್ಕೊಂತಾನ. ನಾನೇನು ಅವನ ಗಡಿಗಿಗೆ ಕೈ ಹಾಕ್ತೀನೇನು?”

“ನಾವು ಒಯ್ದಿಲ್ಲರಿ ಮಾವಾರ. ಕೇಳ್ರಿ ಅಂತ ಕೊಟ್ಟಿದ್ರು ಅಷ್ಟ” ಎಂದಳು ಸುಜಾತಾ.

“ಡೌನ್‌ಲೋಡ್ ಮಾಡೀನಿ ಅಂದಿದ್ದಿ?”

“ಮಾಡೀನ್ರಿ. ಐತ್ರಿ, ಫೋನಿನ್ಯಾಗ ಒಳಗ ಐತಿ. ಬಾಯಿ ಬಿಡವಲ್ದು.”

ಅಂದವಳೇ ಅವಳು ತುಟಿ ಕಚ್ಚಿಕೊಂಡಳು. ಯಾರೂ ಮಂಚದ ಕಡೆ ನೋಡಲಿಲ್ಲ. ಅಕ್ಕ ನಮ್ಮನ್ನೆಲ್ಲ ನೋಡುತ್ತಿದ್ದಳು.

ಪದಗಳು ಬಂದ ಹಾಗೆಯೇ ಒಂದೊಂದಾಗಿ ಹೋದವು. ಮೊದಲು ಹೋದದ್ದು ಹಿಟ್ಟು. ದಿನಾ ಬೇಕಾಗುವ ಪದವಲ್ಲ, ಹೋದದ್ದು ನಮಗೆ ಗೊತ್ತೇ ಆಗಲಿಲ್ಲ. ಆಮೇಲೆ ದೀಪ, ಬಾಗಿಲು. ನೀರು ಬಹಳ ದಿನ ನಿಂತಿತ್ತು. ಒಂದು ಬೆಳಿಗ್ಗೆ ಅಕ್ಕ ಬಾಯಿ ತೆರೆದು, ಮುಚ್ಚಿ, ಎಡಗೈಯಿಂದ ಚೊಂಬನ್ನು ತೋರಿಸಿದಳು.

ಹಂಪಿಗೆ ಹೋದಾಗಲೆಲ್ಲ ನನಗೆ ಶಾಸನದ ಕಲ್ಲುಗಳ ಮುಂದೆ ನಿಲ್ಲುವ ಚಟ. ಓದಲು ಬರುವುದಿಲ್ಲ, ಗೈಡ್ ಆಗಿರುವ ಗೆಳೆಯನೊಬ್ಬ ಓದಿ ಹೇಳುತ್ತಾನೆ, ಅವನಿಗೂ ಅರ್ಧವೇ ಬರುತ್ತದೆ ಎಂದು ನನ್ನ ಗುಮಾನಿ. ಹಳೆಯ ಕಾಲದವರು ದೇವರ ದೀಪಕ್ಕೆ, ನೈವೇದ್ಯಕ್ಕೆ, ಹಾಡುವವರಿಗೆ ಭೂಮಿ ಬಿಡುವಾಗ, ಇದು ಸೂರ್ಯಚಂದ್ರರು ಇರುವ ತನಕ ನಡೆಯಲಿ ಎಂದು ಬರೆಸುತ್ತಿದ್ದರು. ತಪ್ಪಿಸಿದವನು ಸಾವಿರಾರು ವರ್ಷ ಹೊಲಸಿನಲ್ಲಿ ಹುಳುವಾಗಿ ಬೀಳಲಿ ಎಂದು ಶಾಪವನ್ನೂ ಹಾಕುತ್ತಿದ್ದರು. ಹಾಡು ಕೈತಪ್ಪಿದ ಮೇಲೆ ನಾನು ಹಳೆಯ ಆಪ್ ಒಂದರ ಷರತ್ತುಗಳನ್ನು ಕನ್ನಡಕ ಹಾಕಿಕೊಂಡು ಓದಿದೆ. ಬಹಳ ಉದ್ದವಿತ್ತು. ಸೂರ್ಯನೂ ಚಂದ್ರನೂ ಇರಲಿಲ್ಲ. ಹುಳುವಂತೂ ಇಲ್ಲವೇ ಇಲ್ಲ. ಆದರೆ ನ್ಯಾಯವಾಗಿ ಹೇಳಬೇಕೆಂದರೆ, ಶಾಪ ಹೊತ್ತ ಆ ಕಲ್ಲುಗಳ ಎದುರಿನ ಮಂಟಪಗಳಲ್ಲಿಯೂ ಈಗ ಯಾರೂ ಹಾಡುತ್ತಿಲ್ಲ. ಕುರಿಗಳು ಮಲಗಿರುತ್ತವೆ.

ಬೇರೆಲ್ಲೂ ಹುಡುಕಲಿಲ್ಲವೇ ಎಂದು ನೀವು ಕೇಳುತ್ತೀರಿ. ಹುಡುಕಿದೆವು. ಅದೇ ಪದದ ಎರಡು ನುಡಿಗಳನ್ನಷ್ಟೇ ಹೊಸಬರು ಕೀಬೋರ್ಡ್ ಹಾಕಿಕೊಂಡು ಹಾಡಿದ್ದು ಸಿಕ್ಕಿತು. ಒಬ್ಬರೇ ಹಾಡುತ್ತಾರೆ, ಮರಳಿಸಲು ಜಾಗವನ್ನೇ ಬಿಡುವುದಿಲ್ಲ. ಅಕ್ಕ ಅದನ್ನು ರೇಡಿಯೊ ವಾರ್ತೆಯ ಹಾಗೆ ಕೇಳಿದಳು. ಕ್ಯಾಸೆಟ್ ಯಾರ ಮನೆಯಲ್ಲೂ ಉಳಿದಿರಲಿಲ್ಲ. ಮುಂದೆ ಹಾಡಿದಾತ ತೀರಿಕೊಂಡಿದ್ದ. ತಾಳ ಹಾಕಿದ ಬಸಪ್ಪ ಬುಕ್ಕಸಾಗರದಲ್ಲಿ ಇದ್ದಾನೆಂದು ತಿಳಿದು ಹೋದೆ. ಭತ್ತದ ಗದ್ದೆಗೆ ನೀರು ತಿರುವಿ ಆಗಷ್ಟೇ ಮನೆಗೆ ಬಂದಿದ್ದ.

“ಬರ್ರಿ, ಕುಂದ್ರಿ” ಎಂದ. ಬಂದ ಕಾರಣ ಹೇಳಿದೆ. ತಾಳ ತಂದು, ಮೊದಲ ಸಾಲನ್ನು ಚೆಂದಾಗಿ ಅಂದ. ನಿಂತ. “ಮುಂದ ಬರವಲ್ದುರಿ.”

“ಎಷ್ಟೋ ವರ್ಷ ಹಾಡೀರಲ್ಲ?”

“ನಾನು ಹಿಂದ ಅನ್ನಾಂವರಿ. ಮುಂದ ಯಾವುದು ಬರತೈತಿ ಅಂತ ನನಗ್ಯಾಕ ಬೇಕಿತ್ತು? ಅಂವ ಇದ್ನಲ್ಲ.” ತಾಳ ಕೆಳಗಿಟ್ಟು, “ಅಂವನೂ ಒಂದೊಂದ್ಸಲ ಒಂದೊಂದು ನಮೂನಿ ಹಾಡ್ತಿದ್ದ. ಕ್ಯಾಸೆಟಿನ್ಯಾಗ ಹೆಂಗೈತೋ ಅದನ್ನು ದಿನಾ ಕೇಳಿದವ್ರ ಹೇಳಬೇಕು” ಎಂದ.

ದಿನಾ ಕೇಳಿದವಳು ಹೇಳಲಾರದವಳು. ಆದರೂ ಬಸ್ಸಿನಲ್ಲಿ ಹೊಸಪೇಟೆಗೆ ಮರಳುವಾಗ ಆ ಮಾತು ನನ್ನನ್ನು ಬಿಡಲಿಲ್ಲ. ಮುಂದಿನ ಭಾನುವಾರ ಕಂಪ್ಲಿಗೆ ಹೋಗಿ, ನಾವೇ ಹಾಡೋಣ ಎಂದೆ.

“ನಾವೇನು?” ಎಂದರು ಭಾವ. “ನಾವು ಹಾಡಿದ್ರ ಗಿರಣಿಗೆ ಬಂದ ಭತ್ತನೂ ಹೊಳ್ಳಿ ಹೋಗತೈತಿ ನೋಡು.”

ಆದರೂ ಕೂತೆವು. ಅಕ್ಕ ಮಂಚದ ಮೇಲೆ, ನಾವು ಮೂವರು ಕೆಳಗೆ. ಮೊದಲ ಸಾಲನ್ನು ಮೂವರೂ ಕೂಡಿ ಅಂದೆವು. ಅಕ್ಕ ತಡವಾಗಿ, ಅಷ್ಟಿಷ್ಟು ಮರಳಿಸಿದಳು. ಆಮೇಲೆ ನಾನು ಭಾವನ ಮುಖ ನೋಡಿದೆ, ಭಾವ ಸುಜಾತಾಳ ಕಡೆ ನೋಡಿದರು, ಸುಜಾತಾ ನನ್ನ ಕಡೆ ನೋಡಿದಳು. ಸಾಲು ಎಲ್ಲರಿಗೂ ಗೊತ್ತು. ಯಾವುದರ ಹಿಂದೆ ಯಾವುದು ಎಂಬುದು ಯಾರಿಗೂ ಗೊತ್ತಿಲ್ಲ. “ಎಲ್ಲಾರೂ ಹಿಂದ ಅನ್ನೋರ ಅದೀವಲ್ಲೋ ಮಾರಾಯ!” ಎಂದು ಭಾವ ನಕ್ಕರು.

ನಾನು ‘ದೀಪ ನಿನ್ನದವ್ವ’ ಎಂದು ಎತ್ತಿದೆ. ಅಕ್ಕ ಮರಳಿಸಲಿಲ್ಲ. ಕಾಯುವವಳ ಹಾಗೆ ನೋಡಿದಳು, ಅಷ್ಟೆ. ಸುಜಾತಾ ‘ಹಗ್ಗ’ ಎಂದಳು. ಇಲ್ಲ. ಭಾವ ‘ಬಾಗಿಲು ನಿನ್ನದವ್ವ, ಬೀಗ ನಿನ್ನದಲ್ಲ’ ಎಂದರು, ಗಿರಣಿಯಲ್ಲಿ ಕೂಗುವ ದನಿಯಲ್ಲಿ. ಅಕ್ಕ ಅದನ್ನು ಇಡಿಯಾಗಿ ಮರಳಿಸಿದಳು. ಹೀಗೆ ತಪ್ಪಿದಾಗ ಸುಮ್ಮನಿದ್ದು, ಸರಿಯಾದಾಗ ಮರಳಿಸಿ, ಅವಳು ನಮಗೆ ಕ್ರಮವನ್ನು ಹೇಳಿಕೊಟ್ಟಳು. ಬಾಗಿಲು, ಬೀಸುವ ಕಲ್ಲು, ದೀಪ, ಹಗ್ಗ. ಹಾಡು ಮುಗಿಯಿತೆಂದು ನಾವು ಉಸಿರು ಬಿಟ್ಟೆವು.

ಅಕ್ಕ ಹಾಗೆಯೇ ನೋಡುತ್ತಿದ್ದಳು.

ಇನ್ನೊಂದು ನುಡಿ ಇದೆ ಎಂದು ಆಗ ತಿಳಿಯಿತು. ನಮಗೆ ಯಾರಿಗೂ ಅದು ಬರಲಿಲ್ಲ. ಯಾಕೆ ಬರಲಿಲ್ಲ ಎಂಬುದೂ ನಿಧಾನವಾಗಿ ತಿಳಿಯಿತು. ಹಾಡು ಉದ್ದ. ಕೊನೆಗೆ ಬರುವಷ್ಟರಲ್ಲಿ ಭಾವ ಗಿರಣಿಗೆ ಹೊರಟಿರುತ್ತಿದ್ದರು, ಸುಜಾತಾ ಒಲೆಯ ಮುಂದೆ ಇರುತ್ತಿದ್ದಳು, ನಾನು ಬಂದ ದಿನ ಚಹಾ ಕುಡಿಯಲು ಎದ್ದಿರುತ್ತಿದ್ದೆ. ಕೊನೆಯ ನುಡಿಯನ್ನು ಅಕ್ಕ ಒಬ್ಬಳೇ ಕೇಳುತ್ತಿದ್ದಳು.

ಸುಜಾತಾಳ ಫೋನು ಗುನುಗಿತು. ಹಳೆಯ ಆಪ್ ಒಂದರಿಂದ ಸಂದೇಶ: ನೀವಿಲ್ಲದೆ ಬೇಸರವಾಗಿದೆ, ಮರಳಿ ಬನ್ನಿ, ಮತ್ತೆ ಪುಕ್ಕಟೆ. ಭಾವ ಅದನ್ನು ಓದಿಸಿ ಕೇಳಿ, ರಾಗ ಎಳೆದು ಅಂದರು: “ಫೋನು ನಿನ್ನದವ್ವ, ಹಾಡು ನಿನ್ನದಲ್ಲ.” ಅಕ್ಕನ ಬಾಯಿಯ ಎಡಭಾಗ ನಕ್ಕಿತು. ಆ ನಗು ಇಳಿಯುತ್ತಿರುವಾಗಲೇ, ಯಾರೂ ಕೊಡದೆ, ಅವಳು ತಾನಾಗಿ, “ತೊಟ್ಟಿಲು ನಿನ್ನದವ್ವ” ಎಂದು ಎತ್ತಿದಳು.

ನಾವು ಮೂವರೂ ನಮಗೆ ಬರುವ ಕೆಲಸವನ್ನು ಮಾಡಿದೆವು. ಅದನ್ನು ಮರಳಿಸಿದೆವು. ಉಳಿದರ್ಧ ಏನಿರಬಹುದೆಂದು ಊಹಿಸುವುದು ಕಷ್ಟವಲ್ಲ. ನಾವು ಊಹಿಸಲಿಲ್ಲ, ಕಾದೆವು. ಅದು ಬರಲಿಲ್ಲ.

ನಾನು ಕಂಡಷ್ಟನ್ನೇ ಬರೆದಿದ್ದೇನೆ. ಮರುದಿನ ತೊಟ್ಟಿಲೂ ಬರಲಿಲ್ಲವೆಂದು ಸುಜಾತಾ ಫೋನಿನಲ್ಲಿ ಹೇಳಿದಳು. ನೀರು ಮರಳಿದೆ; ಬಾಗಿಲು ಒಮ್ಮೊಮ್ಮೆ. ಈಗ ಬೆಳಿಗ್ಗೆ ಹಾಡು ಮುಗಿಯುವ ಮುಂಚೆ ಯಾರೂ ಏಳುವುದಿಲ್ಲ. ಗಿರಣಿ ತಡವಾಗಿ ಶುರುವಾಗುತ್ತದೆ. ಹಗ್ಗದ ನುಡಿ ಆದ ಮೇಲೆ ಎಲ್ಲರೂ ಸುಮ್ಮನಾಗಿ, ಹಿಂದೆ ಅನ್ನಲು ತಯಾರಾಗಿ ಕೂತಿರುತ್ತಾರೆ.

ಕೆಲವು ದಿನ ತೊಟ್ಟಿಲು ಬರುತ್ತದೆ.