ಅತ್ತರೂ ಚಪ್ಪಾಳೆ

ನಾನು ಚಿಕ್ಕವನಿದ್ದಾಗ ನನ್ನ ಬಾಯಿಗೆ ಬೀಗವಿರಲಿಲ್ಲ. ಯಾರು ಎದುರಾದರೂ ಅವರ ದನಿಯಲ್ಲೇ ಮಾತಾಡಿಬಿಡುತ್ತಿದ್ದೆ. ಬೇರೆ ಯಾರೂ ಸಿಗದಿದ್ದರೆ ನನ್ನ ಮೂಗಿನ ದನಿಯನ್ನೇ ಅಣಕಿಸಿಕೊಳ್ಳುತ್ತಿದ್ದೆ. ಅಪ್ಪನಿಗೆ ಜರ್ಮನಿಯ ವೋಲ್ಫ್ಸ್‌ಬುರ್ಗ್‌ನಲ್ಲಿ ಕೆಲಸ. ನಮ್ಮ ಮನೆ ಮಾತ್ರ ಜನರಿಗಿಂತ ಹಸುಗಳೇ ಹೆಚ್ಚಿದ್ದ ಪಕ್ಕದ ಹಳ್ಳಿಯಲ್ಲಿ.

ಒಂದು ಭಾನುವಾರ ಹಳ್ಳಿಯ ಹಳೆಯ ಸೆರೆಮನೆಯನ್ನು ನೋಡಲು ತೆರೆದಿದ್ದರು. ಸೆರೆಮನೆ ಎಂದರೆ ಒಂದೇ ಕೋಣೆ: ಕಲ್ಲುಗೋಡೆ, ಅಂಗೈಯಗಲದ ಕಿಂಡಿ, ದಪ್ಪ ಮರದ ಬಾಗಿಲು. ಊರಿನ ಹಳೆಯ ಕಥೆಗಳೆಲ್ಲ ಒಬ್ಬ ಜರ್ಮನ್ ಅಜ್ಜಿಯ ನಾಲಿಗೆಯ ತುದಿಯಲ್ಲಿದ್ದವು. ಅಲ್ಲಿಯವರಂತೆ ನಾವೂ ಅವರನ್ನು ಓಮಾ ಎನ್ನುತ್ತಿದ್ದೆವು. ಆ ಕೋಣೆಯಲ್ಲಿ ಕೊನೆಯದಾಗಿ ಸೆರೆಯಿದ್ದವನು ಒಬ್ಬ ಬೇಕರಿಯವನು ಎಂದು ಅವರೇ ಹೇಳಿದರು. ಊರ ಮುಖ್ಯಸ್ಥನ ನಡಿಗೆಯನ್ನು ಅಣಕಿಸಿದ್ದೇ ಅವನ ಅಪರಾಧವಂತೆ.

ಇದನ್ನು ಕೇಳಿದ ಮೇಲೆ ನಾನು ಹೊರಗಿರುವುದುಂಟೇ? ಎಲ್ಲರೂ ಅಂಗಳದಲ್ಲಿ ಸೇಬಿನ ಕೇಕಿಗೆ ಸಾಲು ನಿಂತಾಗ ಒಳಗೆ ನುಗ್ಗಿದೆ.

"ಅಲ್ಲೇ ಬಿದ್ದಿರು ಮಗಾ, ನಿನ್ನ ಪಾಲಿನ ಕೇಕೂ ನಂದೇ!" ಎಂದು ಅಕ್ಕ ಹೊರಗಿನಿಂದ ಚಿಲಕ ಜಡಿದು ಹೋದಳು.

ಕತ್ತಲು. ತುಕ್ಕು, ಒದ್ದೆ ಕಲ್ಲು, ಹಳೆಯ ಹುಲ್ಲಿನ ವಾಸನೆ. ಗೋಡೆಗಳು ಹತ್ತಿರ ಬಂದಂತಾಯಿತು. "ಅಕ್ಕಾ, ಭಯ ಆಗ್ತಿದೆ, ತೆಗಿಯೇ!" ಎಂದು ಕೂಗಿದೆ.

"ಸೂಪರ್ ಆಕ್ಟಿಂಗ್ ಕಣೋ!" ಎಂದು ಅಕ್ಕ ಅಂಗಳದಿಂದಲೇ ಕೂಗಿದಳು.

ಅಪ್ಪನ ದನಿಯಲ್ಲಿ ಗದರಿದೆ. ಅಪ್ಪ ಹೊರಗೇ ಇದ್ದರು. "ನೋಡ್ರೋ, ನನ್ನನ್ನೇ ಅಣಕಿಸ್ತಾನೆ," ಎಂದು ನಕ್ಕರು. ಓಮಾ ದನಿಯಲ್ಲಿ ಕರೆದೆ. ಓಮಾ ಚಪ್ಪಾಳೆ ತಟ್ಟಿದರು. ಕೊನೆಗೆ ನಿಜವಾಗಿಯೇ ಅತ್ತೆ. ಅದಕ್ಕೆ ಇನ್ನೂ ಜೋರಾದ ಚಪ್ಪಾಳೆ ಬಿತ್ತು.

ನೆಲದ ಮೇಲೆ ಕೂತುಬಿಟ್ಟೆ. ಮಾಡಲು ಇನ್ನು ಯಾವ ದನಿಯೂ ಉಳಿದಿರಲಿಲ್ಲ.

ಹೊರಗೆ ನಗು ನಿಂತಿತು. "ಅಪ್ಪಾ, ಇವನ್ಯಾಕೆ ಸುಮ್ಮನಾದ?" ಅಕ್ಕ ಕೇಳಿದಳು. "ಲೋ... ಪುಟ್ಟಾ?" ಓಡಿ ಬರುವ ಹೆಜ್ಜೆಗಳು. ಚಿಲಕ ಕಿರ್ರೆಂದಿತು. ಬೆಳಕಿನ ಜೊತೆಗೇ ಅಕ್ಕ ನುಗ್ಗಿ ಬಂದು ಸಕ್ಕರೆ ಅಂಟಿದ ಕೈಗಳಿಂದ ನನ್ನನ್ನು ಬಿಗಿಯಾಗಿ ಹಿಡಿದುಕೊಂಡಳು. "ಏನಾದ್ರೂ ಬೈಯೋ, ಮಾತಾಡೋ," ಎಂದು ಅವಳೇ ಅತ್ತಳು.

ಮೊಮ್ಮಕ್ಕಳೇ, ನಿಮ್ಮ ಮನೆಯ ಬಾಗಿಲು ದನಿ ಗುರುತಿಸಿ ತಾನೇ ತೆರೆದುಕೊಳ್ಳುತ್ತದೆ. ನಿಮ್ಮ ಅಮ್ಮನ ಹಾಗೆ ಎರಡು ಮಾತಾಡಿದರೆ ಸಾಕು, ಮೋಸಹೋಗಿ ಈ ಮುದುಕನಿಗೂ ತೆರೆದುಕೊಳ್ಳುತ್ತದೆ! ಆದರೆ ಒಳಗೆ ಒಬ್ಬ ಸುಮ್ಮನೆ ಕೂತಿದ್ದರೆ ಅದಕ್ಕೇನೂ ಅನ್ನಿಸುವುದಿಲ್ಲ. "ತಾತ ಯಾಕೆ ಸುಮ್ಮನಾದ?" ಎಂದು ನೀವೇ ಎದ್ದು ಬರಬೇಕು.