ಅಕ್ಕನ ಪದ ಹುಡುಕಿ ಹಂಗಳಕ್ಕೆ

ಬೆಳಿಗ್ಗೆ ಏಳೂವರೆಗೆ ಚಾಮರಾಜನಗರದಲ್ಲಿ ಗುಂಡ್ಲುಪೇಟೆ ಬಸ್ಸು ಹತ್ತಿದೆ. ಟಿಕೆಟು ಹದಿನೆಂಟು ರೂಪಾಯಿ. ಹೋದ ವರ್ಷ ತೀರಿಕೊಂಡ ದೊಡ್ಡಕ್ಕ ಮಾದಮ್ಮನ ಅರಿಶಿನದ ಪದವನ್ನು ಬರೆದುಕೊಂಡು ಬರಬೇಕಿತ್ತು. ಬರುವ ವಾರ ನನ್ನ ಕಿರಿಯ ಮಗಳ ಮದುವೆ. "ಅತ್ತೆ ಪದ ಇಲ್ದೆ ನಾನು ಅರಿಶಿನಕ್ಕೆ ಕೂರಾಕಿಲ್ಲ ಕಣಪ್ಪ" ಎಂದು ಹಟ ಹಿಡಿದಿದ್ದಳು.

ಅವ್ವ ಸತ್ತ ಮೇಲೆ ನಮ್ಮ ಮನೆ ನಡೆಸಿದವಳು ದೊಡ್ಡಕ್ಕ. ಹೆಣ್ಣುಗಂಡಿನ ಹೆಸರು ತಿಳಿದರೆ ಸಾಕು, ಕೂತಲ್ಲೇ ಪದಕ್ಕೆ ಸೇರಿಸಿ ಹಾಡುತ್ತಿದ್ದಳು. ಐದನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಅದು ದೊಡ್ಡ ವಿದ್ಯೆ ಅನ್ನಿಸಿರಲಿಲ್ಲ. ಹಿರಿಯ ಮಗಳ ಮದುವೆಗೆ ಆರ್ಕೆಸ್ಟ್ರಾ ಕರೆಸಿದ್ದೆ. ಅರಿಶಿನದ ಹೊತ್ತಿಗೆ ಅಕ್ಕ ಬಾಯಿ ತೆರೆದಾಗ, ಬೀಗರ ಎದುರಿಗೇ, "ಸುಮ್ಕಿರಕ್ಕ, ಮೈಕಲ್ಲಿ ಬತ್ತದೆ" ಎಂದುಬಿಟ್ಟೆ. ಆಮೇಲೆ ನಮ್ಮ ಮನೆಯಲ್ಲಿ ಅವಳು ಹಾಡಲೇ ಇಲ್ಲ.

ತೆರಕಣಾಂಬಿ ದಾಟುವಾಗ ತುಂತುರು ಶುರುವಾಯಿತು. ಎರಡೂ ಕಡೆ ಚೆಂಡುಹೂವಿನ ಹೊಲ. ಗುಂಡ್ಲುಪೇಟೆಯಲ್ಲಿ ಇಡ್ಲಿ ತಿಂದು, ಬಂಡೀಪುರದ ಕಡೆಯ ಬಸ್ಸು ಹಿಡಿದು ಅಕ್ಕ ಬಾಳಿದ ಊರು ಹಂಗಳದಲ್ಲಿ ಇಳಿದೆ. ಅಕ್ಕನ ಜೊತೆ ಜೀವಮಾನವೆಲ್ಲ ಹಾಡಿದ ಸಿದ್ದಮ್ಮ ಜಗುಲಿಯಲ್ಲಿ ಹುರುಳಿ ಆರಿಸುತ್ತಿದ್ದಳು. ಬಂದ ಕಾರಣ ಹೇಳಿದೆ.

"ಮೊದ್ಲು ಸಾಲು ಯಾವತ್ತೂ ಅವ್ಳದೆ ಕಣಪ್ಪ. ಅವ್ಳು ಎತ್ಕೊಟ್ರೆ ನಾನು ಇಡ್ಕತಿದ್ದೆ. ನೀನೇ ಎತ್ತು, ತಾನಾಗೆ ಬತ್ತದೆ."

ನನಗೆ ಒಂದು ಸಾಲೂ ಬರಲಿಲ್ಲ.

"ಉಟ್ದಾಗಿಂದ ಕೇಳ್ದೋನು! ಕಿವೀಲಿ ಅತ್ತಿ ಮಡಗ್ಕಂಡಿದ್ಯಾ?" ಎಂದು ನಕ್ಕಳು.

ನಾನು ನಗಲಾರದೆ, ಮದುವೆಯಲ್ಲಿ ಮಾಡಿದ ತಪ್ಪು ಹೇಳಿಕೊಂಡೆ.

"ಗೊತ್ತು ಬುಡು, ಪಕ್ಕದಲ್ಲೇ ಕುಂತಿದ್ನಲ್ಲ."

"ಅಕ್ಕ ಬೈದಳಾ?"

"ಬೈಯ್ನಿಲ್ಲ. 'ತಮ್ಮನ ಮನೇಗೆ ಮೈಕ್ ಬಂತು, ನಮ್ ಗಂಟ್ಲು ಉಳೀತು ಕಣಮ್ಮಿ' ಅಂತ ನಕ್ಕಳು. ಬಸ್ಸಲ್ಲಿ ಊರ್ಗಂಟ ಮಾತಾಡ್ನಿಲ್ಲ."

ನಕ್ಕಿದ್ದು ನಿಜವೋ, ಮಾತಾಡದಿದ್ದದ್ದು ನಿಜವೋ? ಕೇಳಿದರೆ ಸಿದ್ದಮ್ಮ, "ಎಲ್ಡೂವೆ" ಎಂದಳು. ಯಾವುದನ್ನು ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಮದುವೆಗೆ ಕರೆದೆ. "ಬತ್ತೀನಿ. ಆದ್ರೆ ಮೊದ್ಲು ಸಾಲು ಯಾರೆತ್ತಾರು?" ಎಂದಳು.

ಮಧ್ಯಾಹ್ನದ ಬಸ್ಸು ಹತ್ತಿ ಕಿಟಕಿಯಿಂದ ತಿರುಗಿ ನೋಡಿದೆ. ಕಳಿಸಲು ಬಂದಿದ್ದ ಸಿದ್ದಮ್ಮ ರಸ್ತೆಯಂಚಿನಲ್ಲಿ ಕೈ ಬೀಸುತ್ತಿದ್ದಳು, ಬಾಯಿ ಆಡುತ್ತಿತ್ತು. ಪದ ನೆನಪಾಯಿತೋ, ನನ್ನನ್ನು ಬೈಯುತ್ತಿದ್ದಳೋ, ಇಂಜಿನ್ ಸದ್ದಿನಲ್ಲಿ ಕೇಳಿಸಲಿಲ್ಲ. ನಿಲ್ಲಿಸಿ ಎಂದು ಕೂಗಿದೆ.

"ಈಗ್ತಾನೆ ಬಸ್ ಅತ್ತಿದ್ರಲ್ಲ ಯಜಮಾನ್ರೆ, ಏನ್ ಮರ್ತ್ರಿ?" ಎಂದ ಕಂಡಕ್ಟರು.

ಮಳೆಯಲ್ಲೇ ಇಳಿದು ಸಿದ್ದಮ್ಮನ ಕಡೆಗೆ ನಡೆದೆ.