ಚಾಚಿಯ ಆಡು, ಅಕ್ಕನ ಉತ್ತರ

ಮಕ್ಕಳೇ, ನಾನು ಚಿಕ್ಕವನಿದ್ದಾಗಿನ ಒಂದು ಭಾನುವಾರದ ಸಂಗತಿ ಹೇಳುತ್ತೇನೆ. ಎಲ್ಲವೂ ಹೀಗೇ ನಡೆಯಿತೆಂದು ಆಣೆ ಮಾಡಲಾರೆ. ಆಡಿನ ಮರಿ ಕಪ್ಪಗಿತ್ತು ಎಂದು ನಾನು, ಕಂದು ಬಣ್ಣದ್ದು ಎಂದು ಅಕ್ಕ. ಈಗಲೂ ಜಗಳ ಮುಗಿದಿಲ್ಲ.

ಆಗ ನಾವು ಗೋವಾದಲ್ಲಿ, ಮಡಗಾಂವದ ಮೋತಿ ಡೊಂಗರ್ ಗುಡ್ಡದ ಮೇಲಿದ್ದೆವು. ವಿಜಾಪುರದ ಕಡೆಯಿಂದ ಬಂದ ಅಪ್ಪ ಕಟ್ಟಡಗಳಿಗೆ ಕೆಂಪು ಕಲ್ಲು ಹೊರುತ್ತಿದ್ದ. ತಗಡಿನ ಮನೆಗಳು ಒಂದಕ್ಕೊಂದು ಒರಗಿದ್ದವು. ಒಬ್ಬರ ಮನೆಯಲ್ಲಿ ಬಂಗಡೆ ಮೀನು ಹುರಿದರೆ ಓಣಿಗೆಲ್ಲ ಹಸಿವು. ಅಕ್ಕ ಹನ್ನೆರಡನೆಯ ತರಗತಿ ಪಾಸಾಗಿದ್ದಳು. ದನದ ಡಾಕ್ಟರ್ ಆಗಲು ದೂರದ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಆದರೆ ರಕ್ತ ಕಂಡರೆ ಅವಳಿಗೆ ತಲೆ ಸುತ್ತುತ್ತಿತ್ತು.

"ನಾಳಿ ಮುಂಜಾನಿ ಹೇಳವ್ವಾ. ಹೂಂ ಅಂದ್ರ ಬಿಟ್ಟು ಬರ್ತೇನಿ, ಒಲ್ಲೆ ಅಂದ್ರ ಇಲ್ಲೇ ಟೀಚರ್ ಆಗು" ಎಂದಿದ್ದ ಅಪ್ಪ, ಆ ಭಾನುವಾರ ಬೆಳಿಗ್ಗೆ.

ಆ ಮಧ್ಯಾಹ್ನ ಪಕ್ಕದ ಮನೆಯ ಚಾಚಿಯ ಆಡು ಈಯಲಾರದೆ ಒದ್ದಾಡತೊಡಗಿತು. ದನದ ದವಾಖಾನೆಗೆ ರಜೆ. ಮರಿಯ ಒಂದು ಗೊರಸಷ್ಟೇ ಹೊರಗೆ ಕಾಣುತ್ತಿತ್ತು.

"ಇನ್ನೊಂದು ಕಾಲು ಒಳಗ ಮಡಚೇತಿ. ನನ್ನ ಕೈ ನೋಡ್ರಿ, ರೊಟ್ಟಿ ಬಡದು ಬಡದು ಹಂಚಿನಂಗ ಆಗೇತಿ, ಒಳಗ ಹೋಗೂದಿಲ್ಲ" ಎಂದಳು ಚಾಚಿ, ಅಕ್ಕನ ಸಣ್ಣ ಕೈ ನೋಡುತ್ತಾ.

"ಡಾಕ್ಟರ್ ಬಾಯಾರ, ಬರ್ರಿ ಮುಂದ!" ಎಂದು ಯಾರೋ ನಕ್ಕರು.

ಅಕ್ಕನ ಕೈಯಲ್ಲಿ ಬಿಗಿಯಾದ ಹಸಿರು ಗಾಜಿನ ಬಳೆಗಳಿದ್ದವು. ಸಾಬೂನು ಹಚ್ಚಿದರೂ ಇಳಿಯಲಿಲ್ಲ. ಅವಳು ಕಲ್ಲಿನ ಕಡೆ ಕೈ ಎತ್ತಿದಳು.

"ಬ್ಯಾಡವ್ವಾ! ಕೈ ಬರಿದು ಮಾಡ್ಕೋಬ್ಯಾಡ!" ಅವ್ವ ಚೀರಿದಳು. ನಮ್ಮಲ್ಲಿ ಬಳೆ ತಾನಾಗಿ ಒಡೆದರೂ 'ಒಡೆಯಿತು' ಎನ್ನುವುದಿಲ್ಲ, 'ಹೆಚ್ಚಿತು' ಎನ್ನುತ್ತೇವೆ. ಅಷ್ಟು ಭಯ. ಅಂಥದರಲ್ಲಿ ಬೇಕೆಂದೇ ಒಡೆಯುವುದೆಂದರೆ!

"ಹೆಚ್ಚಲಿ ಬಿಡವ್ವಾ, ಆಡು ಸಾಯಾಕತ್ತೇತಿ" ಎಂದು ಅಕ್ಕ ಬಳೆಗಳನ್ನು ಕಲ್ಲಿಗೆ ಬಡಿದಳು.

ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಕಣ್ಣು ಮುಚ್ಚಿ ಕುಳಿತಳು. ತಗಡಿನ ಕಾವು, ಎಣ್ಣೆಯ ಕಂಪು, ಆಡಿನ ಹುಳಿ ವಾಸನೆ. "ಎಳೀಬ್ಯಾಡ, ಮೊದ್ಲು ಹಿಂದಕ ನೂಕು" ಎನ್ನುತ್ತಿದ್ದಳು ಚಾಚಿ. ಅಕ್ಕ ಕಣ್ಣು ತೆರೆಯದೆಯೇ ಮರಿಯನ್ನು ಹಿಂದಕ್ಕೆ ನೂಕಿ, ಮಡಚಿದ ಕಾಲನ್ನು ಬಿಡಿಸಿ ಎಳೆದಳು. ಮೊದಲ ಮರಿ ಸತ್ತೇ ಬಂತು. ಎರಡನೆಯದು ಜಾರಿ ಬಿದ್ದು ಸೀನಿತು. ಓಣಿಯೆಲ್ಲ ಕೇಕೆ ಹಾಕಿತು.

ಅಕ್ಕ ಮಾತ್ರ ಸತ್ತ ಮರಿಯ ಬಾಯಿ ಬಿಡಿಸಿ ನೋಡುತ್ತಿದ್ದಳು.

"ಇದು ಯಾಕ ಸತ್ತಿತು?"

"ಅಲ್ಲಾನ ಮರ್ಜಿ, ಮಗಳ."

"ಅದು ಖರೇ ಚಾಚಿ. ಆದ್ರ ಹೆಂಗ ಸತ್ತಿತು?"

ಯಾರಿಗೂ ಗೊತ್ತಿರಲಿಲ್ಲ. ಅಕ್ಕ ತಲೆ ಎತ್ತದೆ, ಗುಂಪಿನಲ್ಲಿ ನಿಂತಿದ್ದ ಅಪ್ಪನಿಗೆ, "ಅಪ್ಪಾ, ನಾ ಹೋಗ್ತೇನಿ" ಎಂದಳು.

ಅಂದೇ ಅವಳ ಅಂಜಿಕೆ ಹೋಯಿತು ಎಂದು ಬರೆಯಹೊರಟಿದ್ದೆ. ಅಕ್ಕ ಬಿಡಲಿಲ್ಲ. "ಸುಳ್ಳು ಬರೀಬ್ಯಾಡೋ. ಅಂಜಿಕೋತನ ಹೋದೆ. ಅಲ್ಲಿ ಹೋಗಿ ಎಷ್ಟ ಸಲ ತಲಿ ತಿರುಗಿ ಬಿದ್ದೇನಿ!" ಇದು ಗೊತ್ತಾದ ಮೇಲೆ ಅವಳು ನನ್ನ ಕಣ್ಣಿಗೆ ಇನ್ನೂ ದೊಡ್ಡವಳಾದಳು.

ಹೋದ ತಿಂಗಳು ನಿಮ್ಮ ಬೆಕ್ಕಿನ ಹೊಟ್ಟೆಯೊಳಗಿನ ಮರಿಗಳನ್ನು ದವಾಖಾನೆಯ ಸ್ಕ್ಯಾನಿಂಗ್ ಪರದೆಯ ಮೇಲೆ ಕಂಡು ನೀವು ಕುಣಿದಿರಿ. ಅವನ್ನು ತೋರಿಸಿದ ಡಾಕ್ಟರ್ ಹುಡುಗಿಯ ಕಡೆ ಯಾರೂ ತಿರುಗಿ ನೋಡಲಿಲ್ಲ. ನಿಮಗೆ ಅದರಲ್ಲೇನು ವಿಶೇಷ? ನಮಗೆ ಹೊಟ್ಟೆಯೊಳಗಿನದೂ ಕಾಣುತ್ತಿರಲಿಲ್ಲ, ಅಂಥ ಹುಡುಗಿಯನ್ನೂ ನಾವು ಕಂಡಿರಲಿಲ್ಲ. ಇದನ್ನೆಲ್ಲ ಫೋನಿನಲ್ಲಿ ಅಕ್ಕನಿಗೆ ಬಣ್ಣಿಸಿದೆ. ಅವಳು ಕೇಳಿದ್ದು ಒಂದೇ ಮಾತು:

"ಮರಿ ಎಲ್ಲಾ ಉಳದುವೇನೋ?"